ಹಚ್ಚೆ ಇದ್ದವರ ಭಾವಚಿತ್ರ: ಯಾವ ಬೆಳಕು, ಎಷ್ಟು ತಿದ್ದುಪಡಿ?

ಹುಬ್ಬಳ್ಳಿ-ಧಾರವಾಡದ ಸ್ಟುಡಿಯೋಗಳಿಗೆ ಎರಡು ಬಗೆಯ ಹಚ್ಚೆ ಬರುತ್ತದೆ. ಎಪ್ಪತ್ತು ದಾಟಿದ ಅಜ್ಜಿಯರ ಮುಂಗೈ, ಹಣೆ, ಗದ್ದದ ಮೇಲೆ ಕೊರವಂಜಿಯರು ಸೂಜಿಯಿಂದ ಚುಚ್ಚಿ ಹಾಕಿದ ಹಸಿರು ಹಚ್ಚೆ ಒಂದು. ಮೊಮ್ಮಕ್ಕಳು ಮಶಿನ್ನಿನಲ್ಲಿ ಹಾಕಿಸಿಕೊಂಡ ಟ್ಯಾಟೂ ಇನ್ನೊಂದು: ತೋಳಿಗೆ ಶಿವ, ಎದೆಗೆ ಅವ್ವನ ಹೆಸರು, ಮುಂಗೈಗೆ ಸಂಗೊಳ್ಳಿ ರಾಯಣ್ಣ ಇಲ್ಲವೆ ಅಪ್ಪು. ಇವೆರಡಕ್ಕೂ ಒಂದೇ ಲೈಟಿಂಗ್ ಇಟ್ಟು, ಉಳಿದದ್ದನ್ನು ಫೋಟೋಶಾಪಿನಲ್ಲಿ ನೋಡಿಕೊಂಡರಾಯಿತು ಅನ್ನುವವರೇ ಹೆಚ್ಚು. ಆದರೆ ಹಚ್ಚೆಯ ಫೋಟೋ ಕೆಡುವುದು ಬೆಳಕಿನಲ್ಲಿ. ಕಂಪ್ಯೂಟರಿನ ಮುಂದೆ ಕೂತು ತಿದ್ದಿದಷ್ಟೂ ಅದು ಇನ್ನಷ್ಟು ಕೆಡುತ್ತದೆ.

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮುಂಚೆ ಒಂದು ಮಾತು ಇತ್ಯರ್ಥವಾಗಬೇಕು: ಫೋಟೋ ಯಾರಿಗೆ? ಟ್ಯಾಟೂ ಹಾಕಿದ ಕಲಾವಿದರಿಗಾದರೆ ಗೆರೆ ಗೆರೆಯೂ ಕಾಣಬೇಕು, ಮುಖ ಇರದಿದ್ದರೂ ನಡೆಯುತ್ತದೆ. ಹಾಕಿಸಿಕೊಂಡವರಿಗಾದರೆ ಮುಖ ಮೊದಲು, ಹಚ್ಚೆ ಆಮೇಲೆ. ಮನೆಯವರಿಗಾದರೆ, ಅದರಲ್ಲೂ ಮದುವೆ ಬಯೋಡೇಟಾಕ್ಕಾದರೆ, ಹಚ್ಚೆ ಕಾಣದಂತೆ ತೆಗೆಯಿರಿ ಎಂದೇ ಕೇಳುತ್ತಾರೆ. ಮೂರಕ್ಕೂ ಬೆಳಕು ಬೇರೆ ಬೇರೆ.

ಹೊಳಪು ಎಲ್ಲಿಂದ ಬರುತ್ತದೆ

ಹಚ್ಚೆಯ ಶಾಯಿ ಚರ್ಮದ ಮೇಲ್ಪದರದಲ್ಲಿ ಇರುವುದಿಲ್ಲ, ಅದರ ಕೆಳಗಿನ ಪದರದಲ್ಲಿ, ಮೇಲಿನಿಂದ ಒಂದೆರಡು ಮಿಲಿಮೀಟರ್ ಒಳಗೆ ಕೂತಿರುತ್ತದೆ. ಬೆಳಕಿನ ಒಂದು ಪಾಲು ಚರ್ಮದ ಮೇಲ್ಮೈಯಿಂದಲೇ ಸಿಡಿದು ಬರುತ್ತದೆ. ನಾವು ಹೊಳಪು ಅನ್ನುವುದು ಅದಕ್ಕೆ. ಉಳಿದದ್ದು ಒಳಗೆ ಹೋಗಿ, ಶಾಯಿಯನ್ನು ಮುಟ್ಟಿ, ಬಣ್ಣ ಹೊತ್ತು ಹೊರಬರುತ್ತದೆ. ಬಿಸಿಲಲ್ಲಿ ನಿಂತ ಬಸ್ಸಿನ ಮುಂಗಾಜಿನ ಹಿಂದೆ ಇಟ್ಟ ಊರಿನ ಬೋರ್ಡು ಓದಲು ಬರುವುದಿಲ್ಲವಲ್ಲ, ಇಲ್ಲಿಯೂ ಅದೇ ಕಥೆ. ಬೋರ್ಡಿನ ಬಣ್ಣ ಮಾಸಿಲ್ಲ, ಗಾಜು ಹೊಳೆಯುತ್ತಿದೆ. ಗೆರೆ ಬೂದಿ ಬಣ್ಣಕ್ಕೆ ಕಂಡರೆ ಶಾಯಿಯನ್ನು ದೂರುವ ಮೊದಲು ಲೈಟಿನ ಕೋನ ನೋಡಬೇಕು.

ನೋಡುವ ವಿಧಾನ ಸುಲಭ. ಕಿಸೆಯಲ್ಲಿ ಹಿಡಿಯುವಂಥ ಒಂದು ಕನ್ನಡಿಯನ್ನು ಹಚ್ಚೆಯ ಮೇಲೆ ಚಪ್ಪಟೆಯಾಗಿ ಇಟ್ಟು ಕ್ಯಾಮೆರಾ ಇರುವ ಜಾಗದಿಂದ ನೋಡಿ. ಕನ್ನಡಿಯಲ್ಲಿ ಸಾಫ್ಟ್‌ಬಾಕ್ಸ್ (ಫ್ಲಾಶಿನ ಬೆಳಕನ್ನು ಹರಡಿ ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ಅಥವಾ ಕಿಟಕಿ ಕಂಡರೆ ಆ ಜಾಗದಲ್ಲಿ ಹೊಳಪು ಬಂದೇ ಬರುತ್ತದೆ. ಲೈಟನ್ನು ಒಂದು ಗೇಣು ಸರಿಸಿ, ಇಲ್ಲವೆ ಕೈಯನ್ನು ಹತ್ತು-ಹದಿನೈದು ಡಿಗ್ರಿ ಹೊರಳಿಸಿ, ಕನ್ನಡಿಯಲ್ಲಿ ಕತ್ತಲೆ ಕಾಣುವವರೆಗೆ. ತೋಳು ಉರುಟಾಗಿರುವುದರಿಂದ ಎಲ್ಲ ಕಡೆ ತಪ್ಪಿಸಲಾಗದು. ಹೊಳಪಿನ ಪಟ್ಟಿ ಚಿತ್ರದ ಮುಖ್ಯ ಭಾಗ ಬಿಟ್ಟು ಅಂಚಿಗೆ ಹೋದರೆ ಸಾಕು.

ಏಪ್ರಿಲ್-ಮೇ ಬೇಗೆಯಲ್ಲಿ ಬೆವರು, ಚಳಿಗಾಲದಲ್ಲಿ ಒಣ ಚರ್ಮದ ಬಿಳಿ ಹೊಟ್ಟು. ಬೆವರಿಗೆ ಟಿಶ್ಯೂ ಪೇಪರ್ ಒತ್ತಿ ತೆಗೆಯಬೇಕು, ಉಜ್ಜಬಾರದು. ಮುಖಕ್ಕೆ ಹಚ್ಚುವ ಪೌಡರನ್ನು ಹಚ್ಚೆಯ ಮೇಲೆ ಹಾಕಲೇಬೇಡಿ. ಕಪ್ಪು ಶಾಯಿಯ ಮೇಲೆ ಪೌಡರ್ ಕೂತರೆ ಸುಣ್ಣದ ಧೂಳು ಬಿದ್ದಂತೆ ಕಾಣುತ್ತದೆ. ಒಣ ಚರ್ಮಕ್ಕೆ ಕಡಲೆಕಾಳಿನಷ್ಟು ಲೋಷನ್ ಸವರಿ, ಎರಡು ನಿಮಿಷ ಬಿಟ್ಟು, ಹತ್ತಿ ಬಟ್ಟೆಯಿಂದ ಒರೆಸಿ. ಟ್ಯಾಟೂ ಎದ್ದು ಕಾಣಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಹಲವರಿಗಿದೆ. ಕಣ್ಣಿಗೆ ಅದು ಚೆಂದ ಕಾಣುವುದು ನಿಜ, ಏಕೆಂದರೆ ನೋಡುವವರು ತಲೆ ಅಲ್ಲಾಡಿಸಿ ಹೊಳಪಿನಾಚೆ ನೋಡುತ್ತಾರೆ. ಕ್ಯಾಮೆರಾ ಒಂದೇ ಜಾಗದಿಂದ ನೋಡುತ್ತದೆ.

ಕಿಟಕಿ, ಸಾಫ್ಟ್‌ಬಾಕ್ಸ್, ಬರೀ ಫ್ಲಾಶ್

ದೊಡ್ಡ ಬೆಳಕು ಒಳ್ಳೆಯದು, ಸಣ್ಣ ಬೆಳಕು ಕೆಟ್ಟದು ಎಂಬ ಸ್ಟುಡಿಯೋ ಪಾಠ ಹಚ್ಚೆಗೆ ಪೂರ್ತಿ ಹೊಂದುವುದಿಲ್ಲ. ಹತ್ತಿರ ಇಟ್ಟ ದೊಡ್ಡ ಸಾಫ್ಟ್‌ಬಾಕ್ಸಿನ ಪ್ರತಿಫಲನ ತೋಳಿನ ಉದ್ದಕ್ಕೂ ಹಾಲಿನ ಪೊರೆಯಂತೆ ತೆಳ್ಳಗೆ ಹರಡುತ್ತದೆ; ಎಲ್ಲಿಯೂ ಕಣ್ಣು ಕುಕ್ಕುವುದಿಲ್ಲ, ಆದರೆ ಕಪ್ಪು ಎಲ್ಲಿಯೂ ಕಪ್ಪಾಗಿರುವುದಿಲ್ಲ. ಸಾಫ್ಟ್‌ಬಾಕ್ಸ್ ಇಲ್ಲದ ಬರೀ ಫ್ಲಾಶಿನ ಸಣ್ಣ ಬೆಳಕಿಗೆ ಹೊಳಪು ಒಂದೇ ಚುಕ್ಕೆಯಲ್ಲಿ ಸುಡುತ್ತದೆ, ಆ ಚುಕ್ಕೆ ಬಿಟ್ಟು ಉಳಿದ ಶಾಯಿ ಗಾಢವಾಗಿ ನಿಲ್ಲುತ್ತದೆ. ಹಾಗಾಗಿ ದಟ್ಟ ಕಪ್ಪು ಶಾಯಿಯ ಟ್ಯಾಟೂ, ಜಿಮ್ಮಿನಲ್ಲಿ ಕಡೆದ ಮೈ, ಗಡಸು ಮುಖ ಇದ್ದರೆ ಏಳಿಂಚಿನ ರಿಫ್ಲೆಕ್ಟರಿಗೆ 20 ಡಿಗ್ರಿಯ ಗ್ರಿಡ್ (ಬೆಳಕು ಅಕ್ಕಪಕ್ಕ ಹರಡದಂತೆ ತಡೆಯುವ ಜಾಲರಿ) ಹಾಕಿದ ಬರೀ ಫ್ಲಾಶ್ ಒಂದು ಒಳ್ಳೆಯ ಆಯ್ಕೆ. ಬಣ್ಣದ ಟ್ಯಾಟೂ, ಸಣ್ಣ ಗೆರೆಯ ಕೆಲಸ, ಹೆಣ್ಣುಮಕ್ಕಳ ಭಾವಚಿತ್ರಕ್ಕೆ ಸಾಫ್ಟ್‌ಬಾಕ್ಸ್. ಗಾಯದ ಗುರುತಿನ ಮೇಲೆ ಹಾಕಿಸಿದ್ದರೆ ಬರೀ ಫ್ಲಾಶನ್ನು ಬದಿಯಿಂದ ಹೊಡೆಯಬೇಡಿ. ಉಬ್ಬಿದ ಚರ್ಮದ ನೆರಳು ಗೆರೆಯನ್ನು ನುಂಗುತ್ತದೆ.

ಮುಂಗೈಯಿಂದ ಭುಜದವರೆಗೆ ತುಂಬಿದ ಟ್ಯಾಟೂಗೆ ಕೈಹಿಡಿಯುವ ಸೆಟಪ್ ಇದು. 60×90 ಸೆಂ.ಮೀ. ಸಾಫ್ಟ್‌ಬಾಕ್ಸ್ 45 ಡಿಗ್ರಿಯಲ್ಲಿ, ಒಂದೂವರೆ ಮೀಟರ್ ದೂರ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ. ಎದುರು ಬದಿಗೆ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕಿನ ಎರಡನೇ ಲೈಟ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಇಲ್ಲವೆ ಎರಡು ಪಟ್ಟು), ಅದಿಲ್ಲದಿದ್ದರೆ ಥರ್ಮಾಕೋಲ್ ಶೀಟು 60 ಸೆಂ.ಮೀ. ಹತ್ತಿರ. ಐಎಸ್‌ಒ 100, 1/160, ಎಫ್/8. ದೂರದ ಲೆಕ್ಕ ಯಾಕೆ ಮುಖ್ಯವೆಂದರೆ, ಲೈಟು ಭುಜದಿಂದ 60 ಸೆಂ.ಮೀ. ಇದ್ದು ಮುಂಗೈ ಅದರಿಂದ 120 ಸೆಂ.ಮೀ. ಆದರೆ ಮುಂಗೈಗೆ ಎರಡು ಸ್ಟಾಪ್ ಬೆಳಕು ಕಡಿಮೆ ಬೀಳುತ್ತದೆ. ಲೈಟನ್ನು ಒಂದೂವರೆ ಮೀಟರಿಗೆ ಹಿಂದೆ ಸರಿಸಿದರೆ ಅದೇ 60 ಸೆಂ.ಮೀ. ಅಂತರಕ್ಕೆ ವ್ಯತ್ಯಾಸ ಒಂದೇ ಸ್ಟಾಪ್. ಮುಖ ಮಾತ್ರ ತೆಗೆಯುವಾಗ ಲೈಟ್ ಹತ್ತಿರ ಇದ್ದರೆ ಚೆಂದ. ತೋಳು ತುಂಬ ಹಚ್ಚೆ ಇದ್ದಾಗ ಅದೇ ಅಭ್ಯಾಸ ಕೈ ಕೊಡುತ್ತದೆ. ಬೆನ್ನು ತುಂಬ ಟ್ಯಾಟೂ ಇದ್ದರೆ 30×120 ಸೆಂ.ಮೀ.ನ ಎರಡು ಸ್ಟ್ರಿಪ್ ಬಾಕ್ಸ್ (ಉದ್ದ ಪಟ್ಟಿಯಂಥ ಸಾಫ್ಟ್‌ಬಾಕ್ಸ್), ಎರಡೂ ಬದಿಗೆ 45 ಡಿಗ್ರಿಯಲ್ಲಿ, ಸಮ ಬಲದಲ್ಲಿ. ಕ್ಯಾಮೆರಾದ ಹಿಂದೆ ಬಿಳಿ ಗೋಡೆ ಇದ್ದರೆ ಕರಿ ಬಟ್ಟೆ ಕಟ್ಟಿ.

ಕಂದು ಚರ್ಮದ ಮೇಲೆ ಕಪ್ಪು ಶಾಯಿಗೆ ಮೀಟರ್ ಹೇಳಿದ್ದಕ್ಕಿಂತ ಮೂರನೇ ಒಂದರಿಂದ ಅರ್ಧ ಸ್ಟಾಪ್ ಜಾಸ್ತಿ ಎಕ್ಸ್‌ಪೋಶರ್ ಕೊಡಿ. ಶಾಯಿ ಮತ್ತು ಚರ್ಮ ಎರಡೂ ಕತ್ತಲ ತುದಿಯಿಂದ ಮೇಲೆ ಬಂದು, ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮುಖ ಬೆಳ್ಳಗೆ ಕಾಣಲಿ ಎಂದು ಇದನ್ನೇ ಒಂದೂವರೆ ಸ್ಟಾಪಿಗೆ ಏರಿಸಿದರೆ ಹಳದಿ, ಕಿತ್ತಳೆ ಶಾಯಿ ಮೊದಲು ಹಾರಿಹೋಗುತ್ತದೆ.

ಕಿಟಕಿ ಬೆಳಕಿಗೆ ಉತ್ತರದ ಕಿಟಕಿ ಹುಡುಕಿ ಎಂದು ಪುಸ್ತಕಗಳು ಹೇಳುತ್ತವೆ. ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ, ಬೆಳಿಗ್ಗೆ ಸಂಜೆಯಂತೂ ಉತ್ತರದ ಕಿಟಕಿಗೆ ಓರೆ ಬಿಸಿಲು ಬೀಳುತ್ತದೆ. ಆ ತಿಂಗಳುಗಳಲ್ಲಿ ಬಿಸಿಲು ಇದ್ದರೆ ಕಿಟಕಿಗೆ ಒಂದು ಬಿಳಿ ಧೋತರ ಒಂಟಿ ಪದರಾಗಿ ಕಟ್ಟಿ. ಒಂದೂವರೆ ಸ್ಟಾಪಿನಷ್ಟು ಬೆಳಕು ಕಡಿಮೆಯಾಗಬಹುದು, ಬೆಳಕು ಮೆತ್ತಗಾಗುತ್ತದೆ. ಧಾರವಾಡದ ಮಳೆಗಾಲದ ಮೋಡದ ಬೆಳಕಿಗೆ ಮಾತ್ರ ಏನೂ ಕಟ್ಟಬೇಕಿಲ್ಲ. ಬಣ್ಣದ ಟ್ಯಾಟೂಗೆ ಅದರಷ್ಟು ಒಳ್ಳೆಯ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಿಟಕಿಗಿಂತ ಹೆಚ್ಚು ಮೋಸ ಮಾಡುವುದು ಗೋಡೆ. ನಮ್ಮ ಕಡೆಯ ಮನೆಗಳ ಪಡಸಾಲೆಗೆ ಹಸಿರು, ನೀಲಿ, ಗುಲಾಬಿ ಡಿಸ್ಟೆಂಪರ್ ಇರುವುದೇ ಹೆಚ್ಚು. ಹಸಿರು ಗೋಡೆಯ ಬೆಳಕು ಚರ್ಮಕ್ಕೆ ಬಿದ್ದರೆ ಹಳೆಯ ಹಸಿರು ಹಚ್ಚೆ ಚರ್ಮದಲ್ಲೇ ಕರಗಿಹೋಗುತ್ತದೆ. ಅಂಗಳಕ್ಕೆ ಕೆಂಪು ಗರಸು ಹಾಕಿದ್ದರೆ ಗದ್ದದ ಕೆಳಗೆ ಕೆಂಪು ಏರುತ್ತದೆ. ಮೇಲುಮೇಲೆ ಸುಣ್ಣ ಹೊಡೆದ ಬಿಳಿ ಗೋಡೆ ಸಿಕ್ಕರೆ ಅದನ್ನು ಬಿಡಬೇಡಿ. ಟ್ಯೂಬ್‌ಲೈಟ್ ಆರಿಸಿ, ಮೊದಲ ಫ್ರೇಮಿನಲ್ಲಿ 18 ಪರ್ಸೆಂಟ್ ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿ ಹೊಂದಿಸಲು ಬಳಸುವ ಬೂದಿ ಬಣ್ಣದ ರಟ್ಟು) ಹಿಡಿಸಿ. ಎಲ್‌ಇಡಿ ಪ್ಯಾನೆಲ್ ಬಳಸುವುದಿದ್ದರೆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಅಂಕ 95ಕ್ಕೆ ಮೇಲಿರಲಿ. ಸಿಆರ್‌ಐ 80ರ ಅಗ್ಗದ ವಿಡಿಯೋ ಲೈಟಿನಲ್ಲಿ ಗಾಢ ಕೆಂಪು ಕಡಿಮೆ, ಕೆಂಪು ಗುಲಾಬಿಯ ಟ್ಯಾಟೂ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಪೂರ್ತಿ ಮರಳಿ ತರಲಾಗದು.

ಪೋಲರೈಸರ್: ಒಂದು ಸಾಕೇ, ಎರಡು ಬೇಕೇ

ಪೋಲರೈಸರ್ ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್. ಲೆನ್ಸಿಗೆ ಸರ್ಕ್ಯುಲರ್ ಪೋಲರೈಸರ್ ಒಂದನ್ನೇ ಹಾಕಿದರೆ ಓರೆಯಾಗಿ ಬರುವ ಹೊಳಪು ಮಾತ್ರ ಕಡಿಮೆಯಾಗುತ್ತದೆ, ಚರ್ಮಕ್ಕೆ ಲಂಬದಿಂದ ಸುಮಾರು 55 ಡಿಗ್ರಿಯಲ್ಲಿ ಅತಿ ಹೆಚ್ಚು. ಕಿಟಕಿ ಬೆಳಕಿನಲ್ಲಿ ಇಷ್ಟೇ ಸಾಧ್ಯ, ಇಷ್ಟೇ ಸಾಕಾಗುವುದೂ ಉಂಟು. ಒಂದೂವರೆ ಸ್ಟಾಪ್ ಬೆಳಕು ಹೋಗುತ್ತದೆ.

ಹೊಳಪನ್ನು ಬೇರು ಸಹಿತ ಕೀಳಬೇಕಾದರೆ ಕ್ರಾಸ್ ಪೋಲರೈಸೇಶನ್. ಲೈಟಿನ ಮುಂದೆ ಲೀನಿಯರ್ ಪೋಲರೈಸಿಂಗ್ ಶೀಟು, ಲೆನ್ಸಿಗೆ ಪೋಲರೈಸರ್, ಎರಡರ ದಿಕ್ಕು ಒಂದಕ್ಕೊಂದು 90 ಡಿಗ್ರಿ. ಎರಡು ಲೈಟ್ ಇದ್ದರೆ ಎರಡರ ಶೀಟೂ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಒಂದರ ಹೊಳಪು ಉಳಿಯುತ್ತದೆ. ಹೊಂದಿಸಲು ಫ್ರೇಮಿನಲ್ಲಿ ಒಂದು ಸ್ಟೀಲ್ ಚಮಚ ಹಿಡಿಸಿ ಲೆನ್ಸಿನ ಫಿಲ್ಟರ್ ತಿರುಗಿಸುತ್ತ ಹೋಗಿ. ಚಮಚದ ಮೇಲಿನ ಹೊಳಪು ಆರಿದಾಗ ನಿಲ್ಲಿಸಿ. ಒಟ್ಟು ಮೂರು ಸ್ಟಾಪಿನಷ್ಟು ಬೆಳಕು ನಷ್ಟ, ಆದ್ದರಿಂದ ಫ್ಲಾಶಿನ ಬಲ ಎಂಟು ಪಟ್ಟು ಬೇಕು. ಹ್ಯಾಲೊಜನ್ ಮಾಡೆಲಿಂಗ್ ಲ್ಯಾಂಪ್ (ಬೆಳಕು ಎಲ್ಲಿ ಬೀಳುತ್ತದೆಂದು ನೋಡಲು ಉರಿಯುತ್ತಲೇ ಇರುವ ದೀಪ) ಇರುವ ಹಳೆಯ ಸ್ಟುಡಿಯೋ ಲೈಟಿಗೆ ಶೀಟನ್ನು ಅಂಟಿಸಿದರೆ ಕಾವಿಗೆ ಸುರುಟಿಹೋಗುತ್ತದೆ. ಲ್ಯಾಂಪ್ ಆರಿಸಿ, ನಡುವೆ ನಾಲ್ಕು ಬೆರಳು ಜಾಗ ಬಿಡಿ.

ಶಾಯಿ ಇದರಲ್ಲಿ ಕಂಡಷ್ಟು ಬೇರೆ ಯಾವುದರಲ್ಲೂ ಕಾಣದು. ಮನುಷ್ಯ ಮಾತ್ರ ಸತ್ತುಹೋಗುತ್ತಾನೆ. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇರುವುದಿಲ್ಲ, ಮೂಗುತಿ ಹೊಳೆಯುವುದಿಲ್ಲ, ಬೋರಮಳದ ಬಂಗಾರ ಹಿತ್ತಾಳೆಯಂತೆ ಮಂಕಾಗುತ್ತದೆ, ಚರ್ಮ ಕೆಂಪೇರಿ ಚಪ್ಪಟೆಯಾಗುತ್ತದೆ. ಹಾಗಾಗಿ ಕಲಾವಿದರ ಪೋರ್ಟ್‌ಫೋಲಿಯೊಗೆ, ಬರೀ ಹಚ್ಚೆಯ ಕ್ಲೋಸಪ್ಪಿಗೆ ಪೂರ್ತಿ ಕ್ರಾಸ್. ಮುಖ ಇರುವ ಭಾವಚಿತ್ರಕ್ಕೆ ಫಿಲ್ಟರನ್ನು 60-70 ಡಿಗ್ರಿಗೇ ನಿಲ್ಲಿಸಿ ತುಸು ಹೊಳಪು ಉಳಿಸಿ. ಇನ್ನೊಂದು ಉಪಾಯ: ಕೈಗೆ ಬೀಳುವ ಲೈಟಿಗೆ ಶೀಟು ಹಾಕಿ, ಮುಖಕ್ಕೆ ಬೀಳುವ ಸಣ್ಣ ಲೈಟನ್ನು ಶೀಟಿಲ್ಲದೆ ಬಿಡಿ. ಆಗ ಕಣ್ಣೂ ಬದುಕುತ್ತದೆ, ಶಾಯಿಯೂ ನಿಲ್ಲುತ್ತದೆ.

ಅಜ್ಜಿಯರ ಹಸಿರು ಹಚ್ಚೆ: ಬಣ್ಣವೋ, ಕಪ್ಪು-ಬಿಳುಪೋ

ಹಳೆಯ ಹಚ್ಚೆ ಹಾಕುತ್ತಿದ್ದುದು ದೀಪದ ಮಸಿಯಂಥ ಕಪ್ಪಿನಿಂದಲೇ, ಅದಕ್ಕೆ ಸೊಪ್ಪಿನ ರಸ ಬೆರೆಸುತ್ತಿದ್ದುದೂ ಉಂಟು. ಆದರೂ ಅದು ಹಸಿರಾಗಿ ಕಾಣುವುದು ಚರ್ಮದ ಕೆಲಸ. ಮೇಲಿನ ಪದರವು ನೀಲಿ ಬೆಳಕನ್ನು ಹೆಚ್ಚು ಚದುರಿಸಿ ಹಿಂದಕ್ಕೆ ಕಳಿಸುತ್ತದೆ, ಕೆಂಪು ಬೆಳಕು ಒಳಗಿಳಿದು ಮಸಿಯಲ್ಲಿ ಇಂಗುತ್ತದೆ. ಆ ನೀಲಿಗೆ ಚರ್ಮದ ಹಳದಿ-ಕಂದು ಸೇರಿದರೆ ಹಸಿರು. ವರ್ಷ ಕಳೆದಂತೆ ಮಸಿಯ ಕಣ ಸುತ್ತ ಹರಡಿ ಗೆರೆ ದಪ್ಪವಾಗಿ, ಅಂಚು ಮಸುಕಾಗುತ್ತದೆ.

ವಯಸ್ಸಾದವರ ಮುಖ ಎಂದೊಡನೆ ಕಪ್ಪು-ಬಿಳುಪಿಗೆ ಹೋಗುವುದು ಫೋಟೋಗ್ರಾಫರುಗಳ ಚಟ. ಬದಿಯಿಂದ ಬೆಳಕು ಹೊಡೆದು ಸುಕ್ಕು ಎಬ್ಬಿಸಿ, ಬಣ್ಣ ತೆಗೆದು, ಕಾಂಟ್ರಾಸ್ಟ್ ಏರಿಸುತ್ತಾರೆ. ಹಚ್ಚೆ ಇದ್ದಾಗ ಇದೇ ತಪ್ಪು ಆಯ್ಕೆ. ಸುಕ್ಕಿನ ನೆರಳೂ ಕಡು ಬೂದಿ, ಹಚ್ಚೆಯ ಗೆರೆಯೂ ಕಡು ಬೂದಿ. ಮುಂಗೈ ಮೇಲಿನ ತುಳಸಿಕಟ್ಟೆ ಯಾವುದು, ಸುಕ್ಕು ಯಾವುದು ತಿಳಿಯದೆ ಗೋಜಲಾಗುತ್ತದೆ. ಬಣ್ಣದಲ್ಲಿ ಸುಕ್ಕು ಕಂದು, ಹಚ್ಚೆ ಹಸಿರು. ಕಣ್ಣು ತಾನೇ ಬೇರೆ ಮಾಡಿಕೊಳ್ಳುತ್ತದೆ. ಆದ್ದರಿಂದ ಅಜ್ಜಿಯರ ಹಚ್ಚೆಗೆ ಬಣ್ಣ, ದಟ್ಟ ಕಪ್ಪು ಶಾಯಿಯ ಹರೆಯದವರಿಗೆ ಬೇಕಿದ್ದರೆ ಕಪ್ಪು-ಬಿಳುಪು. ಜನ ಮಾಡುವುದಕ್ಕೆ ಇದು ತದ್ವಿರುದ್ಧ ಎಂಬುದು ಗೊತ್ತಿದೆ.

ಕಪ್ಪು-ಬಿಳುಪೇ ಬೇಕು ಎಂದು ಮನೆಯವರು ಪಟ್ಟು ಹಿಡಿದರೆ ಬರೀ ಬಣ್ಣ ತೆಗೆದು ಬಿಡಬೇಡಿ. ಲೈಟ್‌ರೂಮಿನ ಬ್ಲ್ಯಾಕ್ ಆಂಡ್ ವೈಟ್ ಮಿಕ್ಸಿನಲ್ಲಿ ಆರೆಂಜ್ +25, ಆಕ್ವಾ ಮತ್ತು ಗ್ರೀನ್ −30, ಬ್ಲೂ −35ರಿಂದ ಶುರು ಮಾಡಿ. ಚರ್ಮ ತಿಳಿಯಾಗಿ ಹಚ್ಚೆ ಮೇಲೆ ಬರುತ್ತದೆ. ಹಳೆಯ ಫಿಲ್ಮಿನ ಕಾಲದಲ್ಲಿ ಕೆಂಪು ಫಿಲ್ಟರ್ ಹಾಕುತ್ತಿದ್ದರೆ ಆಗುತ್ತಿದ್ದುದೂ ಇದೇ. ಕೆಂಪು ಶಾಯಿಯ ಟ್ಯಾಟೂಗೆ ಈ ಲೆಕ್ಕ ತಲೆಕೆಳಗು: ಅದು ಕೆಂಪು ಚಾನೆಲ್ಲಿನಲ್ಲಿ ಮಾಯವಾಗುತ್ತದೆ, ಹಸಿರು ಚಾನೆಲ್ಲಿನಲ್ಲಿ ಕಪ್ಪಾಗಿ ಕಾಣುತ್ತದೆ.

ಬೆಳಕು ಬದಿಯಿಂದ ಬೇಡ, ಎದುರಿನಿಂದ ಬರಲಿ. ತಲೆಬಾಗಿಲ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ಅಜ್ಜಿಯನ್ನು ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ, ಹೊಸ್ತಿಲಿನಿಂದ ಒಂದೂವರೆ ಮೀಟರ್ ಒಳಗೆ ಕೂರಿಸಿ, ನೀವು ಬಾಗಿಲ ಚೌಕಟ್ಟಿಗೆ ಒತ್ತಿ ನಿಂತು ತೆಗೆಯಿರಿ. ನಡುವೆ ನಿಂತರೆ ನಿಮ್ಮ ನೆರಳೇ ಬೀಳುತ್ತದೆ. ಐಎಸ್‌ಒ 400, 1/125, ಎಫ್/4ರ ಸುತ್ತಮುತ್ತ ಬರುತ್ತದೆ. ತಲೆಯ ಮೇಲಿನ ಸೆರಗು ಹಣೆಯ ಹಚ್ಚೆಗೆ ನೆರಳು ಹಾಕುತ್ತಿದ್ದರೆ ಸೆರಗು ಸರಿಸಲು ಹೇಳುವ ಬದಲು ತೊಡೆಯ ಮೇಲೆ ಬಿಳಿ ಟವೆಲ್ ಹಾಸಿ. ಕೆಳಗಿನಿಂದ ಬೆಳಕು ಏರಿ ನೆರಳು ತಿಳಿಯಾಗುತ್ತದೆ. ಬಳೆ ತೆಗೆಯಿರಿ ಎನ್ನುವ ಮಾತಂತೂ ಆಡಲೇಬಾರದು. “ಅಮ್ಮಾರ, ಬಳಿ ಸ್ವಲ್ಪ ಮ್ಯಾಲ ಏರಸ್ರಿ, ಮುಂಗೈ ಬೆಳಕಿನ ಕಡೆ ಹೊಳ್ಳಸ್ರಿ” ಅಂದರೆ ಸಾಕು. ಹಸಿರು ಗಾಜಿನ ಬಳೆಯ ಛಾಯೆ ಚರ್ಮಕ್ಕೆ ಬೀಳುವುದನ್ನೂ, ಕೆಂಪು ಖಣದ ಕುಬಸದ ತೋಳು ಮುಂಗೈಗೆ ಕೆಂಪು ಹೊಡೆಸುವುದನ್ನೂ ಗಮನಿಸಿ. ಕೈಯನ್ನು ಮೈಯಿಂದ ಒಂದು ಗೇಣು ದೂರ ತಂದರೆ ಎರಡನೆಯದು ತಪ್ಪುತ್ತದೆ. ಹಣೆಯಲ್ಲಿ ವಿಭೂತಿ ಇದ್ದರೆ ಇರಲಿ.

ಹೊಸದಾಗಿ ಹಾಕಿಸಿದ್ದು: ಇಂದೇ ತೆಗೆಯುವುದೋ, ಕಾಯುವುದೋ

ಹಾಕಿದ ದಿನ ಶಾಯಿ ಅತಿ ಗಾಢ, ಆದರೆ ಸುತ್ತ ಕೆಂಪು, ಊತ. ಕಲಾವಿದರಿಗೆ ಅದೇ ದಿನದ ಫೋಟೋ ಬೇಕಿರುತ್ತದೆ, ತೆಗೆಯಿರಿ. ಲೋಷನ್, ಎಣ್ಣೆ ಏನೂ ಬೇಡ, ಕಲಾವಿದರೇ ಒರೆಸಿಕೊಡಲಿ, ನೀವು ಮುಟ್ಟಬೇಡಿ. ನಾಲ್ಕನೇ ದಿನದಿಂದ ಎರಡು ವಾರದವರೆಗೆ ಹೊಟ್ಟು ಏಳುವ ಕಾಲ, ಆಗ ಯಾವ ಬೆಳಕಿಗೂ ಚೆಂದ ಬರುವುದಿಲ್ಲ. ಆಮೇಲೂ ಕೆಲವು ದಿನ ಹೊಸ ಚರ್ಮ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ. ಭಾವಚಿತ್ರಕ್ಕಾದರೆ ನಾಲ್ಕರಿಂದ ಆರು ವಾರ ಬಿಟ್ಟು ಬರಲು ಹೇಳಿ.

ಲೆನ್ಸಿನ ಮಾತು ಚುಟುಕಾಗಿ. ಫುಲ್‌ಫ್ರೇಮಿಗೆ 85 ಮಿ.ಮೀ., ಕ್ರಾಪ್ ಸೆನ್ಸರಿಗೆ 50. ಮೊಬೈಲಿನ ಸಾದಾ ಲೆನ್ಸಿನಲ್ಲಿ ಹತ್ತಿರ ಹೋಗಿ ತೆಗೆದರೆ ಮುಂಗೈ ಉಬ್ಬಿ, ತೋಳಿನ ಮೇಲಿನ ದೇವರ ಮುಖ ಸೊಟ್ಟಗಾಗುತ್ತದೆ; 2ಎಕ್ಸ್ ಅಥವಾ ಟೆಲಿ ಒತ್ತಿ ಒಂದೂವರೆ ಮೀಟರ್ ಹಿಂದೆ ನಿಲ್ಲಿ. ಎಫ್/1.8ರಲ್ಲಿ 85ರ ಲೆನ್ಸು ಒಂದೂವರೆ ಮೀಟರಿಗೆ ಸ್ಪಷ್ಟವಾಗಿ ಹಿಡಿಯುವ ಆಳ ಮೂರು ಸೆಂ.ಮೀ. ಚಿಲ್ಲರೆ, ಎಫ್/8ರಲ್ಲಿ ಹದಿನೈದು. ಮುಖದ ಮುಂದೆ ಒಂದು ಗೇಣಿನಾಚೆ ಕೈ ಚಾಚಿ ನಿಂತರೆ ಎಫ್/8 ಕೂಡ ಸಾಲದು. ಅಂಗೈಯನ್ನು ಕೆನ್ನೆಗೋ ಭುಜಕ್ಕೋ ತಾಗಿಸಿದರೆ ಹಚ್ಚೆ ಮತ್ತು ಕಣ್ಣು ಒಂದೇ ದೂರಕ್ಕೆ ಬರುತ್ತವೆ.

ತಿದ್ದುಪಡಿ: ಚರ್ಮ ಮುಟ್ಟಿ, ಶಾಯಿ ಬಿಡಿ

ಮೂರು ದಾರಿಗಳಿವೆ. ಫ್ರೀಕ್ವೆನ್ಸಿ ಸೆಪರೇಶನ್ ಮದುವೆ ಆಲ್ಬಮ್ ಮಾಡುವವರಿಗೆಲ್ಲ ಬಾಯಿಪಾಠ. ಅದು ಬಣ್ಣವನ್ನು ಕೆಳಪದರಕ್ಕೆ, ಚರ್ಮದ ನೇಯ್ಗೆಯನ್ನು ಮೇಲ್ಪದರಕ್ಕೆ ಬೇರೆ ಮಾಡುತ್ತದೆ. 24 ಮೆಗಾಪಿಕ್ಸೆಲ್ಲಿನ ಅರ್ಧ ಮೈ ಫೋಟೋದಲ್ಲಿ ಟ್ಯಾಟೂವಿನ ಸಣ್ಣ ಗೆರೆ ಏಳೆಂಟು ಪಿಕ್ಸೆಲ್ ಅಗಲ ಇರಬಹುದು. ಪದರ ಬೇರೆ ಮಾಡಲು ಸಾಮಾನ್ಯವಾಗಿ ಇಡುವ ಬ್ಲರ್ ರೇಡಿಯಸ್ಸೂ ಅಷ್ಟೇ ಇರುವುದರಿಂದ ಗೆರೆ ಅರ್ಧ ಮೇಲಿನ ಪದರಕ್ಕೆ, ಅರ್ಧ ಕೆಳಗಿನದಕ್ಕೆ ಸೀಳುತ್ತದೆ. ಕೆಳಪದರವನ್ನು ಲಾಸ್ಸೊ ಹಿಡಿದು ಬ್ಲರ್ ಮಾಡಿದ ಕೂಡಲೇ ಶಾಯಿಯ ಕಪ್ಪು ಪಕ್ಕದ ಚರ್ಮಕ್ಕೆ ಸೋರಿ, ಗೆರೆಯ ಗುಂಟ ಬೂದಿ ಬಣ್ಣದ ಅಂಚು ಕಟ್ಟುತ್ತದೆ. ಫೋಟೋ 100 ಪರ್ಸೆಂಟಿಗೆ ಹಿಗ್ಗಿಸಿದರೆ ಅಂಚು ಕಣ್ಣಿಗೆ ರಾಚುತ್ತದೆ, ಪ್ರಿಂಟಿನಲ್ಲಿ ಟ್ಯಾಟೂ ಹತ್ತು ವರ್ಷ ಹಳೆಯದಾದಂತೆ ಕಾಣುತ್ತದೆ. ಹಚ್ಚೆಯನ್ನು ಪೂರ್ತಿ ಮಾಸ್ಕಿನಿಂದ ಹೊರಗಿಟ್ಟು ಮುಖಕ್ಕೆ ಮಾತ್ರ ಬಳಸುವುದಾದರೆ ಸರಿ.

ಎರಡನೆಯದು ಡಾಜ್ ಆಂಡ್ ಬರ್ನ್. ಎರಡು ಕರ್ವ್ಸ್ ಲೇಯರ್, ಒಂದು ತಿಳಿ ಮಾಡಲು, ಒಂದು ಗಾಢ ಮಾಡಲು; ಮೆತ್ತನೆಯ ಬ್ರಶ್, ಫ್ಲೋ 3 ಪರ್ಸೆಂಟ್. ನಿಧಾನದ ಕೆಲಸ, ಒಂದು ತೋಳಿಗೆ ಅರ್ಧ ತಾಸು ಬೇಕು, ಆದರೆ ಗೆರೆಗೆ ಹಾನಿ ಇಲ್ಲ. ಹತ್ತು ಫೋಟೋ ಕೊಡುವ ಬದಲು ಮೂರು ಕೊಟ್ಟು ಈ ದಾರಿಯಲ್ಲಿ ಹೋಗುವುದು ಲೇಸು.

ಮೂರನೆಯದು ಒಂದೇ ಒತ್ತಿಗೆ ಚರ್ಮ ನುಣುಪು ಮಾಡುವ ಎಐ ಆಪ್‌ಗಳು, ಮೊಬೈಲಿನ ಬ್ಯೂಟಿ ಮೋಡ್. ಇವಕ್ಕೆ ಹಚ್ಚೆ ಯಾವುದು, ಕಲೆ ಯಾವುದು ತಿಳಿಯದು. ಗದ್ದದ ಮೇಲಿನ ಮೂರು ಚುಕ್ಕಿ, ಹುಬ್ಬಿನ ನಡುವಿನ ಹಸಿರು ಬೊಟ್ಟು ಮೊಡವೆಯ ಲೆಕ್ಕದಲ್ಲಿ ಅಳಿಸಿಹೋಗುತ್ತವೆ, ಮನೆಯವರು ನೋಡಿದಾಗಲೇ ಗೊತ್ತಾಗುವುದು. ಮಸುಕಾದ ಫೋಟೋವನ್ನು ಎಐನಿಂದ ಹಿಗ್ಗಿಸಿ ಚೂಪು ಮಾಡುವುದು ಇನ್ನೂ ಅಪಾಯ. ಕನ್ನಡದ ಹೆಸರಿನ ಟ್ಯಾಟೂ ಇದ್ದರೆ ಒತ್ತಕ್ಷರ, ದೀರ್ಘ, ಸೊನ್ನೆ ಎಲ್ಲ ಕಲಸಿ ಯಾವುದೋ ಹೊಸ ಲಿಪಿ ಹುಟ್ಟುತ್ತದೆ. ಮಲ್ಲವ್ವ ಎಂಬ ಹೆಸರಿನಲ್ಲಿ ಲ ಒತ್ತು, ವ ಒತ್ತು ಎರಡೂ ಸರಿ ಇವೆಯೇ ಎಂದು ಮೂಲ ಫೈಲಿನ ಪಕ್ಕ ಇಟ್ಟು ಓದಿ. ಸೆಲ್ಫಿ ಕ್ಯಾಮೆರಾ ಕನ್ನಡಿಯಂತೆ ತಿರುಗಿಸಿ ಉಳಿಸಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕೆಲಸದ ಕ್ರಮ ಹೀಗಿರಲಿ: ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲು) ಗ್ರೇ ಕಾರ್ಡಿನಿಂದ ವೈಟ್ ಬ್ಯಾಲೆನ್ಸ್; ಆಮೇಲೆ ಹಚ್ಚೆಯ ಭಾಗವನ್ನು ಬೇರೆ ಮಾಡುವ ಒಂದು ಮಾಸ್ಕ್; ಅದರ ಹೊರಗಿನ ಚರ್ಮಕ್ಕೆ ಹೀಲಿಂಗ್ ಬ್ರಶ್. ಗೆರೆಯ ಮೇಲೆಯೇ ಮೊಡವೆ ಕೂತಿದ್ದರೆ ಹೀಲಿಂಗ್ ಬೇಡ, ಅದು ಶಾಯಿಯನ್ನೂ ಚರ್ಮವನ್ನೂ ಬೆರೆಸಿ ಕಲೆ ಮಾಡುತ್ತದೆ. ಕ್ಲೋನ್ ಸ್ಟ್ಯಾಂಪ್ ತೆಗೆದುಕೊಂಡು, ಗೆರೆಗಿಂತ ತುಸು ದೊಡ್ಡ ಬ್ರಶ್, ಹಾರ್ಡ್‌ನೆಸ್ 50, ಅದೇ ಗೆರೆಯ ಮೇಲಿನ ಚೂರನ್ನು ಮಾದರಿಗೆ ಹಿಡಿದು ಗೆರೆಯ ದಿಕ್ಕಿನಲ್ಲೇ ಒತ್ತಿ. ಹೊಸ ಟ್ಯಾಟೂವಿನ ಸುತ್ತಲಿನ ಕೆಂಪಿಗೆ ಮಾಸ್ಕ್ ಹಾಕಿ ರೆಡ್ ಸ್ಯಾಚುರೇಶನ್ −15ರಿಂದ −25. ಮಾಸ್ಕ್ ಕೆಂಪು ಶಾಯಿಯ ಮೇಲೆ ಹತ್ತದಿರಲಿ. ಹಚ್ಚೆಯ ಮೇಲೆ ಟೆಕ್ಸ್ಚರ್ +10ರಿಂದ +15ರವರೆಗೆ ಏರಿಸಬಹುದು. ಡೀಹೇಜ್ ಏರಿಸಿದರೆ ಶಾಯಿ ಗಾಢವಾಗುತ್ತದೆ ನಿಜ, ಜೊತೆಗೆ ಚರ್ಮವೂ ಕೆಸರು ಬಣ್ಣಕ್ಕೆ ಇಳಿಯುತ್ತದೆ.

ಮಾಸಿದ ಗೆರೆಯನ್ನು ಬ್ರಶ್ ಹಿಡಿದು ಕಪ್ಪಾಗಿ ತಿದ್ದಿ ಬರೆಯುವುದು ತಿದ್ದುಪಡಿಯಲ್ಲ, ಹೊಸ ಚಿತ್ರ. ಕಲಾವಿದರ ಪೋರ್ಟ್‌ಫೋಲಿಯೊಗೆ ಅದು ಸುಳ್ಳು ಜಾಹೀರಾತೂ ಆಗುತ್ತದೆ, ಏಕೆಂದರೆ ನೋಡಿ ಬಂದ ಗಿರಾಕಿ ಅಂಥದ್ದೇ ಕಪ್ಪು ಕೇಳುತ್ತಾನೆ.

ಬಯೋಡೇಟಾ ಫೋಟೋ: ಮರೆಮಾಡುವುದೋ, ಅಳಿಸುವುದೋ

“ಕೈ ಮ್ಯಾಲಿಂದು ತಗದಬಿಡ್ರಿ ಅಣ್ಣಾರ, ಬೀಗರು ನೋಡ್ತಾರ” ಎಂಬ ಬೇಡಿಕೆ ಬಂದಾಗ ಅಳಿಸುವುದಕ್ಕಿಂತ ಮರೆಮಾಡುವುದನ್ನೇ ಆರಿಸಿ. ಮೊಣಕೈ ದಾಟುವ ತೋಳಿನ ಕುಬಸ, ಸೆರಗು ಮುಂಗೈ ಮೇಲೆ, ಹಚ್ಚೆ ಇರುವ ಬದಿಯನ್ನು ಕ್ಯಾಮೆರಾದಿಂದ ಆಚೆಗೆ ತಿರುಗಿಸಿದ 30 ಡಿಗ್ರಿಯ ನಿಲುವು, ಇಲ್ಲವೆ ಎದೆಯವರೆಗಿನ ಫ್ರೇಮ್. ಕುತ್ತಿಗೆ ಬದಿಯದಾದರೆ ಮುಖ್ಯ ಬೆಳಕನ್ನು ಎದುರು ಬದಿಗೆ ಒಯ್ದು ಆ ಬದಿಯನ್ನು ಮೂರು ಸ್ಟಾಪ್ ನೆರಳಿಗೆ ಬಿಡಿ. ಅಳಿಸಿದರೆ ಚರ್ಮದ ನೇಯ್ಗೆ ಆ ಜಾಗದಲ್ಲಿ ಸಪಾಟಾಗಿ ಒಮ್ಮೆಗೇ ಗುರುತು ಹತ್ತುತ್ತದೆ, ಹೆಣ್ಣು ನೋಡಲು ಬಂದ ದಿನ ಮಾತು ಬೇರೆ ಕಡೆಗೆ ಹೋಗುತ್ತದೆ. ಪಾಸ್‌ಪೋರ್ಟ್, ನೇಮಕಾತಿ ಅರ್ಜಿಯ ಫೋಟೋಗಳಲ್ಲಿ ಅಳಿಸುವ ಮಾತೇ ಬೇಡ. ಹಚ್ಚೆಯಿಂದ ಮನುಷ್ಯನ ಗುರುತು ಸುಲಭವಾಗಿ ಸಿಗುವುದರಿಂದ, ಮುಖವಿಲ್ಲದ ಫೋಟೋವನ್ನೂ ಕೇಳದೆ ಸ್ಟುಡಿಯೋದ ಪೇಜಿಗೆ ಹಾಕಬಾರದು.

ಪ್ರಿಂಟಿಗೆ, ಮೊಬೈಲಿಗೆ

ಎರಡಕ್ಕೂ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಪ್ರೊಫೈಲಿನಲ್ಲೇ ಕೊಡಿ. ಇನ್‌ಸ್ಟಾಗ್ರಾಮಿಗೆ 1080×1350 ಪಿಕ್ಸೆಲ್ ಅಳತೆಗೆ ನೀವೇ ಇಳಿಸಿ, ಕೊನೆಗೆ ತುಸು ಶಾರ್ಪನ್ ಮಾಡಿ. 12×18 ಇಂಚಿನ ಪ್ರಿಂಟಿಗೆ 300 ಪಿಪಿಐ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ಲಿನ ಫೈಲಿಗೆ ಹೆಚ್ಚು ಕ್ರಾಪ್ ಮಾಡಲು ಜಾಗ ಇಲ್ಲ. ಮಾನಿಟರಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ತಿದ್ದಿದ ಫೋಟೋ ಪ್ರಿಂಟಿನಲ್ಲಿ ಕತ್ತಲಾಗಿ ಬಂದು ಕಪ್ಪು ಶಾಯಿಯ ಒಳಗಿನ ಶೇಡಿಂಗ್ ಮುಚ್ಚಿಹೋಗುತ್ತದೆ. ಮ್ಯಾಟ್ ಕಾಗದದಲ್ಲಿ ಕಪ್ಪು ತುಸು ತೆಳು, ಆದರೆ ಗೋಡೆಗೆ ಹಾಕಿದಾಗ ಟ್ಯೂಬ್‌ಲೈಟ್ ಪ್ರತಿಬಿಂಬಿಸುವುದಿಲ್ಲ. ಹಸಿರು ಹಚ್ಚೆಗೆ ಮ್ಯಾಟ್, ದಟ್ಟ ಕಪ್ಪಿನ ಟ್ಯಾಟೂಗೆ ಗ್ಲಾಸಿ ಅಥವಾ ಲಸ್ಟರ್. ಲ್ಯಾಬಿಗೆ ಕಳಿಸುವಾಗ ಕಲರ್ ಕರೆಕ್ಷನ್ ಬೇಡ ಎಂದು ಬರೆದೇ ಕಳಿಸಿ. ಅವರ ಆಟೋ ಕರೆಕ್ಷನ್ ಚರ್ಮವನ್ನು ಗುಲಾಬಿಗೆ ತಿರುಗಿಸುವ ಭರದಲ್ಲಿ ಹಸಿರು ಹಚ್ಚೆಯನ್ನು ಬೂದಿ ಮಾಡುತ್ತದೆ. ದೊಡ್ಡ ಪ್ರಿಂಟಿಗೆ ಮುಂಚೆ ಹಚ್ಚೆ ಇರುವ ಭಾಗವನ್ನಷ್ಟೇ 4×6 ಅಳತೆಗೆ ಹಾಕಿಸಿ, ಹಗಲು ಬೆಳಕಿನಲ್ಲಿ ಆ ಕೈಯ ಪಕ್ಕದಲ್ಲೇ ಹಿಡಿದು ನೋಡಿ, ಆಮೇಲೆ ಆರ್ಡರ್ ಕೊಡಿ.